ಓದುಗರ ಪ್ರಶ್ನೆ, ನಮ್ಮ ಉತ್ತರ: ಪುಟದೊಳಗಿನವರ ಮೇಲೆ ಮನಸ್ಸಾದಾಗ

ಈ ಸಲ ಬಂದ ಪತ್ರಗಳ ಪೈಕಿ ಮೂರು ಒಂದೇ ವಿಷಯವನ್ನು, ಕಥೆಯ ಪಾತ್ರಗಳ ಮೇಲೆ ಹುಟ್ಟುವ ಒಲವನ್ನು, ಕುರಿತವು. ಬರೆದವರಿಗೆ ಒಬ್ಬರಿಗೊಬ್ಬರ ಪರಿಚಯವಿಲ್ಲ, ವಯಸ್ಸೂ ಬೇರೆ ಬೇರೆ. ಆದ್ದರಿಂದ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇರಿಸಿಕೊಂಡು ಈ ಮೂರನ್ನೇ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನನಗೆ 26 ವರ್ಷ. ಮೈಸೂರಿನ ಕುವೆಂಪುನಗರದಲ್ಲಿ ಮನೆ, ಮಂಡ್ಯದ ಬ್ಯಾಂಕೊಂದರಲ್ಲಿ ಕೆಲಸ. ದಿನವೂ ರೈಲಿನಲ್ಲಿ ಹೋಗಿಬರುವಾಗ ಕಾದಂಬರಿ ಓದುವುದು ರೂಢಿ. ಕಳೆದ ವರ್ಷ ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ ಓದಿದ ಮೇಲೆ ಅದರ ನಾಯಕ ಹೂವಯ್ಯ ನನ್ನ ಮನಸ್ಸಿನಿಂದ ಕದಲಿಲ್ಲ. ಇದು ಬರೀ ಮೆಚ್ಚುಗೆಯಲ್ಲ. ಸಂಕೋಚ ಬಿಟ್ಟು ಹೇಳುವುದಾದರೆ, ಗೆಳತಿಯರು ಕ್ರಶ್ ಎನ್ನುತ್ತಾರಲ್ಲ, ಅದೇ. ನನ್ನ ತಂಗಿ ಒಬ್ಬ ಸಿನಿಮಾ ನಟನ ಚಿತ್ರವನ್ನು ಬೀರುವಿನ ಬಾಗಿಲಿಗೆ ಅಂಟಿಸಿಕೊಂಡಿದ್ದಾಳೆ. ಅಮ್ಮ ಅದನ್ನು ನೋಡಿ ನಗುತ್ತಾರೆ. ನಾನು ಹೂವಯ್ಯನ ಹೆಸರೆತ್ತಿದರೆ ಮಾತ್ರ ‘ಇಲ್ಲದವನ ಮೇಲೆ ಎಂಥದ್ದೇ ಇದು’ ಎಂದು ಗದರುತ್ತಾರೆ. ಹೋದ ತಿಂಗಳು ಗಂಡಿನ ಕಡೆಯವರು ನೋಡಲು ಬಂದಿದ್ದರು. ಹುಡುಗ ಸಭ್ಯರಂತೆ ಕಂಡರು. ಆದರೆ ಅವರು ಕೇಸರಿಬಾತ್ ತಿಂದು, ‘ನಿಮಗೆ ಬೆಂಗಳೂರಿಗೆ ಟ್ರಾನ್ಸ್‌ಫರ್ ಸಿಗುತ್ತದೆಯೇ’ ಎಂಬ ಒಂದೇ ಪ್ರಶ್ನೆ ಕೇಳಿ ಹೊರಟುಹೋದರು. ಆ ಕ್ಷಣದಲ್ಲಿ ಹೂವಯ್ಯ ನೆನಪಾಗಿ ನನ್ನ ಮನಸ್ಸು ಮುದುಡಿತು. ಅವರ ಕಡೆಯಿಂದ ಒಪ್ಪಿಗೆ ಬಂದಿದೆ. ನಾನಿನ್ನೂ ಉತ್ತರ ಹೇಳಿಲ್ಲ. ಇದೇನು ಕಾಯಿಲೆಯೇ? ಮದುವೆಯಾಗುವವರಿಗೆ ಇದನ್ನು ಹೇಳಬೇಕೆ?
– ಹೆಸರು ಬೇಡ, ಮೈಸೂರು

ಉತ್ತರ: ಕಾಯಿಲೆಯಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮಿಕ್ಕದ್ದನ್ನು ನೀವು ನಿರಾಳವಾಗಿ ಓದಬಹುದು.

ನಿಮ್ಮ ತಾಯಿಯವರು ಆಡಿದ ‘ಇಲ್ಲದವನು’ ಎಂಬ ಮಾತಿನಿಂದಲೇ ಆರಂಭಿಸೋಣ. ನಿಮ್ಮ ತಂಗಿಯ ಬೀರುವಿನ ಮೇಲಿರುವ ನಟ ಇರುವುದು ನಿಜ. ಅವರಿಗೆ ಮನೆಯುಂಟು, ಸಂಸಾರವುಂಟು, ಬೆಳಗ್ಗೆ ಎದ್ದರೆ ತಲೆನೋವೂ ಇರಬಹುದು. ಆದರೆ ಅವಳು ಮೆಚ್ಚಿಕೊಂಡಿರುವುದು ಆ ಮನುಷ್ಯನನ್ನಲ್ಲ. ಸಂಭಾಷಣೆ ಬರೆದವರು, ದೀಪ ಹಿಡಿದವರು, ಬಣ್ಣ ಹಚ್ಚಿದವರು, ಹಿನ್ನೆಲೆ ಸಂಗೀತ ಕೊಟ್ಟವರು ಎಲ್ಲರೂ ಸೇರಿ ಕಟ್ಟಿದ ಒಂದು ರೂಪವನ್ನು ಅವಳು ಮೆಚ್ಚಿದ್ದಾಳೆ. ಅಮೆರಿಕದ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ವಿದ್ವಾಂಸರು 1956ರಲ್ಲಿ ರೇಡಿಯೊ ಮತ್ತು ಟೆಲಿವಿಷನ್ ನಿರೂಪಕರ ಬಗ್ಗೆ ಕೇಳುಗರಿಗೂ ನೋಡುಗರಿಗೂ ಹುಟ್ಟುವ ಇಂಥ ಆತ್ಮೀಯತೆಯನ್ನು ಕುರಿತು ಬರೆದು, ಅದಕ್ಕೆ ‘ಪ್ಯಾರಾಸೋಶಿಯಲ್’ ಎಂದು ಹೆಸರಿಟ್ಟರು. ಒಂದೇ ಕಡೆಯಿಂದ ನಡೆಯುವ ಸ್ನೇಹ ಎಂದು ಅದರ ಅರ್ಥವನ್ನು ಬಿಡಿಸಿಕೊಳ್ಳಬಹುದು. ಆ ಲೆಕ್ಕದಲ್ಲಿ ಅಕ್ಕತಂಗಿಯರಿಬ್ಬರೂ ಒಂದೇ ದೋಣಿಯಲ್ಲಿದ್ದೀರಿ. ನಿಮ್ಮ ಪಾಲಿಗೆ ಒಂದು ಅನುಕೂಲವೂ ಇದೆ: ನಾಳೆ ನಟರ ಬಾಳಿನಲ್ಲಿ ಏನಾದರೂ ಎಡವಟ್ಟಾದರೆ ನಿಮ್ಮ ತಂಗಿ ಆ ಚಿತ್ರವನ್ನು ಕಿತ್ತು ತೆಗೆಯಬೇಕಾಗಬಹುದು, ಹೂವಯ್ಯನಾದರೋ 1936ರಲ್ಲಿ ಪುಟದ ಮೇಲೆ ಹೇಗಿದ್ದನೋ ಇಂದಿಗೂ ಹಾಗೆಯೇ ಇದ್ದಾನೆ. ನೀವು ಎಷ್ಟೇ ಹಂಬಲಿಸಿದರೂ ಅವನ ಮನೆಯವರ ನೆಮ್ಮದಿಯೂ ಕೆಡುವುದಿಲ್ಲ.

ಇದು ಹೊಸ ಕಾಲದ ಹುಚ್ಚು ಎಂದು ಯಾರಾದರೂ ಹೇಳಿದರೆ ಅವರಿಗೆ ಉಷೆಯ ಕಥೆಯನ್ನು ನೆನಪಿಸಿ. ಬಾಣಾಸುರನ ಮಗಳು ಕನಸಿನಲ್ಲಿ ಕಂಡವನಿಗೆ ಮನಸೋತಳು, ಅವನ ಹೆಸರೂ ಅವಳಿಗೆ ತಿಳಿದಿರಲಿಲ್ಲ. ಸಖಿ ಚಿತ್ರಲೇಖೆ ‘ಇಲ್ಲದವನ ಮೇಲೆ ಎಂಥದ್ದು’ ಎಂದು ಗದರಲಿಲ್ಲ. ಕುಂಚ ಹಿಡಿದು ಕುಳಿತು, ಒಬ್ಬೊಬ್ಬರ ಚಿತ್ರ ಬರೆದು, ಇವನೋ ಇವನೋ ಎಂದು ಕೇಳುತ್ತಾ ಹೋದಳು. ನಮ್ಮ ಮೈಸೂರಿನ ಆಸ್ಥಾನಕವಿ ಬಸವಪ್ಪಶಾಸ್ತ್ರಿಗಳು ಕನ್ನಡಕ್ಕೆ ತಂದ ಕಾಳಿದಾಸನ ಶಾಕುಂತಲ ನಾಟಕದ ಆರನೆಯ ಅಂಕದಲ್ಲಿ ದುಷ್ಯಂತ, ತಾನೇ ಬರೆದ ಚಿತ್ರದಲ್ಲಿ ಶಕುಂತಲೆಯ ಮುಖದ ಹತ್ತಿರ ಹಾರುವ ದುಂಬಿಯನ್ನು ನಿಜವೆಂದೇ ಭಾವಿಸಿ ಗದರುತ್ತಾನೆ. ಇದು ಚಿತ್ರವಲ್ಲವೇ ಎಂದು ವಿದೂಷಕ ಎಚ್ಚರಿಸಿದಾಗ ರಾಜನಿಗೆ ಸಮಾಧಾನವಾಗುವುದಿಲ್ಲ, ಸಂಕಟವಾಗುತ್ತದೆ. ಎದುರಿಗಿದ್ದವಳನ್ನು ಮತ್ತೆ ಬರಿಯ ಚಿತ್ರವಾಗಿಸಿಬಿಟ್ಟೆಯಲ್ಲ ಎಂದು ಮರುಗುತ್ತಾನೆ. ನಿಮ್ಮ ತಾಯಿಯವರು ಗದರಿದಾಗ ನಿಮಗಾದದ್ದೂ ಬಹುಶಃ ಇದೇ.

ಇಷ್ಟು ನಿಮ್ಮ ಪರವಾಗಿ. ಇನ್ನು ಆ ಕೇಸರಿಬಾತಿನ ಸಂಜೆಗೆ ಬರುತ್ತೇನೆ, ಏಕೆಂದರೆ ಅಲ್ಲಿ ನೀವು ಒಬ್ಬರಿಗೆ ಅನ್ಯಾಯ ಮಾಡಿದ್ದೀರಿ ಎಂದು ನನಗನ್ನಿಸುತ್ತದೆ.

ಹೂವಯ್ಯ ನಿಮಗೆ ಇಷ್ಟವಾದದ್ದು ಹೇಗೆ ಎಂದು ಸ್ವಲ್ಪ ಯೋಚಿಸಿ. ಮೈಸೂರಿನಲ್ಲಿ ಓದುತ್ತಿದ್ದವನು ರಜೆಗೆಂದು ಮಲೆನಾಡಿಗೆ ಬರುತ್ತಾನೆ, ಗಾಡಿ ಉರುಳಿ ಪೆಟ್ಟು ತಿನ್ನುತ್ತಾನೆ, ಬೆಟ್ಟ ಕಾಡುಗಳನ್ನು ನೋಡುತ್ತಾ ಒಳಗೊಳಗೇ ಯೋಚಿಸುತ್ತಾನೆ. ಅವನು ಬಾಯಿಬಿಟ್ಟು ಹೇಳದ ಎಷ್ಟೋ ಸಂಗತಿ ನಿಮಗೆ ತಿಳಿದಿದೆ. ಅವನ ಎದುರಿಗೆ ಕುಳಿತವರಿಗೆ, ಎಷ್ಟೋ ಬಾರಿ ಅವನು ಮೆಚ್ಚಿದ ಸೀತೆಗೂ ತಿಳಿಯದ್ದು ನಿಮಗೆ ತಿಳಿದಿದೆ. ಕುವೆಂಪು ಅವರು ಅವನ ತಲೆಯೊಳಕ್ಕೆ ಒಂದು ಬಾಗಿಲು ತೆರೆದು ನಿಮ್ಮನ್ನು ಅಲ್ಲಿ ಕೂರಿಸಿದ್ದರಿಂದ ಅವನು ಆಳವಾಗಿ ಕಾಣುತ್ತಾನೆ. ಜೀವಂತ ಮನುಷ್ಯರಿಗೆ ಅಂಥ ಬಾಗಿಲನ್ನು ತೆರೆದು ಕೊಡುವ ಲೇಖಕರಿಲ್ಲ. ಹನ್ನೊಂದು ಮಂದಿ ನೆಂಟರು ನೋಡುತ್ತಿರುವ ಹಜಾರದಲ್ಲಿ, ತಟ್ಟೆಯನ್ನು ಮಂಡಿಯ ಮೇಲಿಟ್ಟುಕೊಂಡು, ಏನಾದರೊಂದು ಕೇಳಲೇಬೇಕಲ್ಲ ಎಂದು ಟ್ರಾನ್ಸ್‌ಫರ್ ವಿಚಾರ ಕೇಳಿದ ಆ ಯುವಕರ ಮನಸ್ಸಿನಲ್ಲಿ ಆಗ ಏನು ಓಡುತ್ತಿತ್ತೆಂದು ನಿಮಗೆ ತಿಳಿಯದು. ಸ್ವತಃ ಹೂವಯ್ಯನೇ ಅಂದು ಕುವೆಂಪುನಗರದ ನಿಮ್ಮ ಮನೆಗೆ ಬಂದಿದ್ದರೆ ಆ ಒಂದು ಪ್ರಶ್ನೆಯನ್ನೂ ಕೇಳದೆ, ಕಿಟಕಿಯಾಚೆ ನೋಡುತ್ತಾ ಕೂತು ಎದ್ದು ಹೋಗಿರುತ್ತಿದ್ದ. ‘ಹುಡುಗನಿಗೆ ಮಾತೇ ಬರುವುದಿಲ್ಲ’ ಎಂದು ನೀವೇ ಬೇಡವೆನ್ನುತ್ತಿದ್ದಿರಿ.

ಇನ್ನೊಂದು ಮಾತೂ ಇದೆ. ಲೇಖಕ ಎಷ್ಟೇ ವಿವರ ಕೊಟ್ಟರೂ ಪಾತ್ರದ ಅರ್ಧವನ್ನು ಓದುವವರು ತುಂಬಿಕೊಳ್ಳುತ್ತಾರೆ. 1999ರಲ್ಲಿ ಗಿರೀಶ ಕಾರ್ನಾಡರು ಈ ಕಾದಂಬರಿಯನ್ನು ಚಲನಚಿತ್ರ ಮಾಡಿದಾಗ ನಾನೂ ನೋಡಲು ಹೋಗಿದ್ದೆ. ತೆರೆಯ ಮೇಲಿನ ಮುಖವನ್ನು ನನ್ನ ಮನಸ್ಸಿನೊಳಗಿದ್ದ ಮುಖ ಒಪ್ಪಿಕೊಳ್ಳುವಷ್ಟರಲ್ಲಿ ಅರ್ಧ ಚಿತ್ರ ಮುಗಿದಿತ್ತು. ತಪ್ಪು ನಟರದ್ದಲ್ಲ, ನನ್ನ ಹೂವಯ್ಯನ ಧ್ವನಿ ನನ್ನ ಸೋದರಮಾವನದ್ದಾಗಿತ್ತು. ನಿಮ್ಮ ಹೂವಯ್ಯನಿಗೂ ನೀವು ಎಲ್ಲಿಂದಲೋ ಧ್ವನಿ, ನಡಿಗೆ, ಕಣ್ಣು ತಂದುಕೊಟ್ಟಿದ್ದೀರಿ. ರೈಲಿನಲ್ಲಿ ಮತ್ತೆ ಪುಸ್ತಕ ತೆರೆದಾಗ ಯಾವ ಪುಟಗಳಿಗೆ ಹಿಂತಿರುಗುತ್ತೀರೆಂದು ಗಮನಿಸಿ. ಅವನು ಓದುವ ಪುಟಗಳೇ, ಒಂಟಿಯಾಗಿ ಕೂರುವ ಪುಟಗಳೇ, ಮನೆಯ ಹಿರಿಯರಿಗೆ ತಲೆಬಾಗದೆ ನಿಲ್ಲುವ ಪುಟಗಳೇ? ನಿಮಗೆ ಬೇಕಾದ ಗುಣ ಯಾವುದೆಂದು ಜಾತಕಕ್ಕಿಂತ ಆ ಪುಟಗಳು ಖಚಿತವಾಗಿ ತಿಳಿಸುತ್ತವೆ.

ಆ ಯುವಕರಿಗೆ ಇಲ್ಲವೆನ್ನುವ ಮೊದಲು, ಒಪ್ಪುವುದಕ್ಕೂ ಮೊದಲು, ಇನ್ನೊಮ್ಮೆ ಭೇಟಿಯಾಗುತ್ತೇನೆಂದು ಮನೆಯಲ್ಲಿ ಹೇಳಿ. ಹಜಾರ ಬೇಡ, ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಗಂಟೆ ನಡೆಯಿರಿ. ಅಕ್ಕಪಕ್ಕ ನಡೆಯುವವರಿಗೆ ಮುಖ ನೋಡಿಕೊಂಡು ಕೂತವರಿಗಿಂತ ಮಾತು ಸುಲಭ. ಸಂಬಳ, ಸೈಟು ಬಿಟ್ಟು ಬೇರೆ ಕೇಳಿ: ಯಾರಿಗೂ ಹೇಳದೆ ಮನಸ್ಸಿನಲ್ಲೇ ಇಟ್ಟುಕೊಂಡ ಆಸೆ ಏನಾದರೂ ಇದೆಯೇ, ಅಪ್ಪನ ಮಾತನ್ನು ಎಂದಾದರೂ ಮೀರಿದ್ದುಂಟೇ ಎಂದು ಕೇಳಬಹುದು. ಒಳಗಿನ ಬಾಗಿಲು ಒಂದಂಗುಲ ತೆರೆದರೂ ಸಾಕು. ತೆರೆಯದಿದ್ದರೆ, ತೆರೆದ ಮೇಲೂ ಇಷ್ಟವಾಗದಿದ್ದರೆ, ಧಾರಾಳವಾಗಿ ಬೇಡವೆನ್ನಿ. ಆಗ ಬೇಡವೆಂದದ್ದು ಆ ಮನುಷ್ಯನನ್ನೇ ನೋಡಿ ಎಂದಾಗುತ್ತದೆ. ಹೂವಯ್ಯನ ವಿಷಯ ಹೇಳಬೇಕೆ ಎಂದು ಕೇಳಿದ್ದೀರಿ. ತಪ್ಪೊಪ್ಪಿಗೆಯಂತೆ ಹೇಳಬೇಡಿ, ಮೆಚ್ಚಿದ ಊಟದ ಬಗ್ಗೆ ಹೇಳುವಂತೆ ಹೇಳಿ. ಅವರು ನಕ್ಕರೆ ಹೇಗೆ ನಕ್ಕರೆಂದು ನೋಡಿಕೊಳ್ಳಿ.

ಪ್ರಶ್ನೆ: ನನ್ನ ಮಗನಿಗೆ 19 ವರ್ಷ, ಎಂಜಿನಿಯರಿಂಗ್ ಎರಡನೇ ವರ್ಷ. ನಮ್ಮ ಮಂಡ್ಯದ ಹುಡುಗರು ಸಿನಿಮಾ ಬಿಡುಗಡೆಯಾದರೆ ಕಟೌಟಿಗೆ ಹಾರ ಹಾಕಿ ಪಟಾಕಿ ಹೊಡೆಯುತ್ತಾರೆ. ಇವನಿಗೆ ಯಾವ ನಟ ನಟಿಯರೂ ಬೇಡ. ಜಪಾನಿನ ಕಾರ್ಟೂನಿನ ಒಬ್ಬ ಹುಡುಗಿ, ಕೈಯಲ್ಲಿ ಕತ್ತಿ ಹಿಡಿದವಳು, ಅವನ ಕೋಣೆಯ ಗೋಡೆಯ ತುಂಬ ಇದ್ದಾಳೆ. ‘ಅಮ್ಮಾ, ಇವಳಷ್ಟು ಧೈರ್ಯ ಯಾರಿಗೂ ಇಲ್ಲ’ ಎನ್ನುತ್ತಾನೆ. ಜಪಾನಿನಲ್ಲಿ ಯಾರೋ ಇಂಥ ಗೊಂಬೆಯನ್ನೇ ಮದುವೆಯಾದರೆಂದು ವಾಟ್ಸಾಪ್‌ನಲ್ಲಿ ಓದಿದಂದಿನಿಂದ ನನಗೆ ನಿದ್ದೆ ಹತ್ತುತ್ತಿಲ್ಲ.
– ಒಬ್ಬ ತಾಯಿ, ಮಂಡ್ಯ

ಉತ್ತರ: ನೀವು ಓದಿದ ಸುದ್ದಿ ಸುಳ್ಳಲ್ಲ. 2018ರಲ್ಲಿ ಟೋಕಿಯೊದಲ್ಲಿ ಒಬ್ಬರು, ಕಂಪ್ಯೂಟರಿನಲ್ಲಿ ರೂಪಿಸಿದ ಹಾಡುಗಾರ್ತಿ ಹಾತ್ಸುನೆ ಮಿಕು ಎಂಬ ಪಾತ್ರದೊಡನೆ ಮದುವೆಯ ಸಮಾರಂಭ ನಡೆಸಿಕೊಂಡರು. ಕಾನೂನು ಅದನ್ನು ಮದುವೆಯೆಂದು ಒಪ್ಪುವುದಿಲ್ಲ. ಅವಳೊಂದಿಗೆ ಮಾತಾಡಲು ಅವರು ಬಳಸುತ್ತಿದ್ದ ಉಪಕರಣದ ಸೇವೆಯನ್ನು 2020ರಲ್ಲಿ ಕಂಪನಿಯೇ ನಿಲ್ಲಿಸಿತು. ಆದರೆ ಆ ಒಂದು ಸುದ್ದಿಯನ್ನು ನಿಮ್ಮ ಮಗನ ಗೋಡೆಗೆ ಅಂಟಿಸಬೇಡಿ. ಕಟೌಟಿಗೆ ಹಾರ ಹಾಕುವ ಹುಡುಗರನ್ನು ಕಂಡು ಹೆದರದ ನೀವು ಗೋಡೆಯ ಮೇಲಿನ ಚಿತ್ರವೊಂದನ್ನು ಕಂಡು ಹೆದರುತ್ತಿರುವುದು, ನಿಮಗೆ ಅದು ಹೊಸದೆಂಬ ಕಾರಣಕ್ಕೆ ಮಾತ್ರ. ಅವಳ ಧೈರ್ಯ ಅವನಿಗೆ ಹಿಡಿಸಿದೆ ಎಂದು ಅವನೇ ಹೇಳಿದ್ದಾನೆ. ತಾಯಿಯ ಬಳಿ ಇಷ್ಟು ಬಿಚ್ಚಿ ಮಾತಾಡುವ 19ರ ಹುಡುಗನ ಬಗ್ಗೆ ಹೆದರುವುದಕ್ಕೇನಿದೆ?

ಗಮನಿಸಬೇಕಾದದ್ದು ಬೇರೆಯಿದೆ. ಅವನು ಊಟಕ್ಕೆ ಎಲ್ಲರೊಡನೆ ಕೂರುತ್ತಾನೆಯೇ, ಕಾಲೇಜಿಗೆ ಹೋಗುತ್ತಾನೆಯೇ, ಗೆಳೆಯರು ಮನೆಗೆ ಬರುತ್ತಾರೆಯೇ ಎಂಬುದನ್ನು ನೋಡಿ. ಇವು ಸರಿಯಿದ್ದರೆ ಗೋಡೆಯ ಗೊಡವೆ ಬೇಡ. ಇವು ಒಂದೊಂದಾಗಿ ತಪ್ಪುತ್ತಿದ್ದರೆ ಕಾರಣ ಆ ಹುಡುಗಿಯ ಚಿತ್ರವಲ್ಲ. ಅವನಿಗೆ ಬೇರೇನೋ ನೋವಿದೆ, ಆಪ್ತಸಮಾಲೋಚಕರನ್ನು ಕಾಣುವುದು ಒಳ್ಳೆಯದು. ಹಣದ ವಿಷಯವನ್ನೂ ಒಮ್ಮೆ ಕೇಳಿ. ಕೆಲವು ಮೊಬೈಲ್ ಆಟಗಳಲ್ಲಿ ಮೆಚ್ಚಿನ ಪಾತ್ರ ಸಿಗಬೇಕಾದರೆ ಲಾಟರಿಯಂತೆ ಮತ್ತೆ ಮತ್ತೆ ಹಣ ಕಟ್ಟಿ ಅದೃಷ್ಟ ಪರೀಕ್ಷಿಸಬೇಕಾಗುತ್ತದೆ, ಹುಡುಗರು ಮರುಳಾಗಿ ಕಳೆದುಕೊಳ್ಳುವುದು ಅಲ್ಲಿ. ಇತ್ತೀಚೆಗೆ ಪಾತ್ರಗಳ ಹೆಸರಿನಲ್ಲಿ ಹರಟುವ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳೂ ಬಂದಿವೆ. ಅವುಗಳ ಬಗ್ಗೆ ನನಗೆ, ಗೋಡೆಯ ಚಿತ್ರದ ಬಗ್ಗೆ ಇಲ್ಲದ ಅನುಮಾನ ಇದೆ: ಕಥೆಯೊಳಗಿನವಳು ತನ್ನ ಪಾಡಿಗೆ ತಾನು ಕತ್ತಿ ಬೀಸುತ್ತಾಳೆ, ನಿಮ್ಮ ಮಗನನ್ನು ಹೊಗಳುವುದಿಲ್ಲ, ಆ ಆ್ಯಪ್‌ಗಳಲ್ಲಿ ಬಹುಪಾಲು, ಕೇಳುವವರ ಮಾತಿಗೆಲ್ಲ ಹೂಂಗುಟ್ಟುತ್ತವೆ. ಒಂದು ಭಾನುವಾರ ಅವನ ಪಕ್ಕದಲ್ಲಿ ಕೂತು ಆ ಕಾರ್ಟೂನಿನ ಎರಡು ಕಂತು ನೋಡಿ. ಅರ್ಥವಾಗದಿದ್ದರೆ ಕೇಳಿ, ಅವನು ಉತ್ಸಾಹದಿಂದಲೇ ಹೇಳಿಕೊಡುತ್ತಾನೆ.

ಪ್ರಶ್ನೆ: ನಾನು 68 ವರ್ಷದ ನಿವೃತ್ತ ಶಿಕ್ಷಕಿ. ಮದುವೆಯಾದ ಹೊಸದರಲ್ಲಿ ವಾರಪತ್ರಿಕೆಯೊಂದರ ಧಾರಾವಾಹಿಯಲ್ಲಿ ಬರುತ್ತಿದ್ದ ಒಬ್ಬ ಡಾಕ್ಟರನಿಗಾಗಿ ಏಳು ದಿನ ಕಾಯುತ್ತಿದ್ದೆ. ಲೇಖಕಿ ಅವನನ್ನು ಕೊಂದ ವಾರ ನಾನು ಊಟ ಬಿಟ್ಟಿದ್ದೆ. ನಮ್ಮ ಯಜಮಾನರು ಗಾಬರಿಯಾಗಿ, ಯಾರು ಹೋದರು ಎಂದು ಕೇಳಿದರು. ‘ನಮ್ಮ ಕಡೆಯವರು’ ಎಂದುಬಿಟ್ಟೆ. ಅವರು ಕಂತುಗಳ ಕಟ್ಟನ್ನು ನೋಡಿ ಅರ್ಥ ಮಾಡಿಕೊಂಡು, ಏನೂ ಹೇಳದೆ ತಲೆಗೆ ಸ್ನಾನ ಮಾಡಿ ಬಂದರು. ಅವರು ತೀರಿಕೊಂಡು ನಾಲ್ಕು ವರ್ಷವಾಯಿತು. ದಸರಾಕ್ಕೆ ಅಟ್ಟ ಗುಡಿಸುವಾಗ ಆ ಕಂತುಗಳ ಕಟ್ಟು ಸಿಕ್ಕಿತು. ಇದನ್ನು ಇನ್ನೂ ಇಟ್ಟುಕೊಳ್ಳುವುದು ಈ ವಯಸ್ಸಿಗೆ ತರವೇ?
– ಓದುಗರು, ಶ್ರೀರಂಗಪಟ್ಟಣ

ಉತ್ತರ: ಕಾನನ್ ಡಾಯ್ಲ್ 1893ರಲ್ಲಿ ಷರ್ಲಾಕ್ ಹೋಮ್ಸ್‌ನನ್ನು ಕೊಂದಾಗ ಓದುಗರು ಸಿಟ್ಟಾಗಿ ಪತ್ರ ಬರೆದರು, ಕೊನೆಗೆ 1903ರಲ್ಲಿ ಅವನನ್ನು ಬದುಕಿಸಿ ತರಬೇಕಾಯಿತು. ನಿಮ್ಮ ಡಾಕ್ಟರನಿಗೆ ಅಂಥ ಭಾಗ್ಯ ಬರಲಿಲ್ಲ, ಆದರೆ ಅವನಿಗೆ ಸೂತಕದ ಸ್ನಾನ ಮಾಡಿದ ಒಬ್ಬರಿದ್ದರು. ಆ ಕಟ್ಟಿನಲ್ಲಿ ಈಗ ಇಬ್ಬರಿದ್ದಾರೆ, ಹಳೆಯ ಪೇಪರ್ ಕೊಳ್ಳುವವರ ತಕ್ಕಡಿಗೆ ಹಾಕಬೇಡಿ. ಹುಳ ಹತ್ತುವ ಮೊದಲು ಒಂದು ದಿನ ಬಿಸಿಲಿಗಿಟ್ಟು, ಮೈಸೂರಿಗೆ ಬಂದಾಗ ಬೈಂಡಿಂಗ್ ಮಾಡುವವರಿಗೆ ಕೊಡಿ. ಗಟ್ಟಿ ರಟ್ಟು, ಬಟ್ಟೆಯ ಬೆನ್ನು ಹಾಕಲು ಹೇಳಿ. ಅವನು ಸತ್ತ ವಾರದ ಕಂತನ್ನು ಬಿಡದೆ ಸೇರಿಸಿ.