ತರಗೆಲೆ ಕೆದಕುವ ಬಿಳಿಗೊರಳಿನ ಹಕ್ಕಿ ಯಾವುದು?

ಪಶ್ಚಿಮ ಘಟ್ಟದ ತರಗೆಲೆಯ ಮೇಲೆ ನಡೆದಾಡುವ, ಬಿಳಿ ಗಂಟಲಿನ, ಎದೆಯಲ್ಲಿ ಕಂದು ಗೀರುಗಳಿರುವ, ನೀವು ಫೋಟೋ ಕಳಿಸಿ ಯಾವುದೆಂದು ಕೇಳಿದ ಹಕ್ಕಿ ಬಹುಮಟ್ಟಿಗೆ ಪಫ್-ಥ್ರೋಟೆಡ್ ಬ್ಯಾಬ್ಲರ್. ಫೋಟೋದಲ್ಲಿ ತಲೆ ಮರೆಯಾಗಿರುವುದರಿಂದ ಖಚಿತವಾಗಿ ಹೇಳಲಾರೆ. ಮತ್ತೆ ಕಂಡಾಗ ಮೊದಲು ನೆತ್ತಿ ನೋಡಿ, ಕೆಂಗಂದು ಇರಬೇಕು. ಆಮೇಲೆ ಕೊಕ್ಕು: ಉದ್ದವಾಗಿ ಬಾಗಿ ಹಳದಿಯಾಗಿದ್ದರೆ ಅದು ಸಿಮಿಟರ್ ಬ್ಯಾಬ್ಲರ್, ಅದರ ಬಿಳಿ ಎದೆಯಲ್ಲಿ ಇಂಥ ಗೀರುಗಳಿರುವುದಿಲ್ಲ. ಎಲೆ ಸರಸರ ಅಂದ ಕಡೆಗೆಲ್ಲ ಹಿಂಬಾಲಿಸಬೇಡಿ, ಪೊದೆಯೊಳಗೆ ನುಸುಳಿಬಿಡುತ್ತದೆ. 10–15 ನಿಮಿಷ ಅಲುಗಾಡದೆ ಕೂತರೆ ಮತ್ತೆ ಕಾಣುವ ಸಾಧ್ಯತೆ ಹೆಚ್ಚು.

ಕೊಕ್ಕಿನಲ್ಲಿ ಹುಳು ಹಿಡಿದು ಬಿಡದೆ ಕೂಗುತ್ತಿದ್ದರೆ ಗೂಡು ಹತ್ತಿರವೇ ಇರುತ್ತದೆ. ಅದು ನೆಲದ ಮೇಲೇ ಒಣ ಎಲೆಗಳಿಂದ ಕಟ್ಟಿದ ಗುಮ್ಮಟ, ಬಾಗಿಲು ಪಕ್ಕಕ್ಕೆ. ಕಾಲಡಿ ಸಿಕ್ಕರೂ ಗೊತ್ತಾಗದು. ದಯವಿಟ್ಟು ಬಂದ ದಾರಿಯಲ್ಲೇ ಹಿಂದೆ ಸರಿಯಿರಿ.