ರದ್ದಿ ಕಾಗದದ ಮಣಿಗೆ ಇಷ್ಟು ಬೆಲೆಯೇ?

ಪ್ರಶ್ನೆ: ಅಮೆರಿಕದಲ್ಲಿರುವ ಮಗಳು ಉಗಾಂಡಾದ ಹೆಂಗಸರು ಮಾಡಿದ ಕಾಗದದ ಮಣಿಸರ ತಂದುಕೊಟ್ಟಳು. ಬೆಲೆ ಕೇಳಿ ಎದೆ ಧಸಕ್ಕೆಂದಿತು. ರದ್ದಿ ಕಾಗದಕ್ಕೆ ಇಷ್ಟೊಂದೇ? ಬಡತನ ತೋರಿಸಿ ವ್ಯಾಪಾರ ಮಾಡುವುದು ಸರಿಯೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಅನುಮಾನದಲ್ಲಿ ಹುರುಳಿಲ್ಲವೆಂದಲ್ಲ. ಅಳುವ ಮಗುವಿನ ಚಿತ್ರ ಅಂಟಿಸಿ ಸರಕು ಮಾರುವವರು ಇದ್ದಾರೆ. ‘ಫೇರ್ ಟ್ರೇಡ್’ (ಮಾಡಿದವರಿಗೆ ನ್ಯಾಯವಾದ ಬೆಲೆ ಕೊಟ್ಟು ಕೊಂಡದ್ದು) ಎಂಬ ಚೀಟಿ ಇದ್ದ ಮಾತ್ರಕ್ಕೆ ನೀವು ಕೊಟ್ಟ ಹಣವೆಲ್ಲ ಮಣಿ ಮಾಡಿದವಳ ಕೈ ಸೇರುವುದೂ ಇಲ್ಲ. ಒಪ್ಪಿದೆ. ಆದರೆ ‘ರದ್ದಿ’ ಎಂದಿರಲ್ಲ ಅಮ್ಮ, ನನ್ನ ತಕರಾರು ಅಲ್ಲಿ.

ಬಣ್ಣದ ಕಾಗದವನ್ನು ಒಂದು ತುದಿ ಅಗಲ, ಇನ್ನೊಂದು ಚೂಪಾದ ನೀಳ ಪಟ್ಟಿಗಳಾಗಿ ಕತ್ತರಿಸಬೇಕು. ಅಗಲದ ತುದಿಯಿಂದ ಸೂಜಿಗೆ ಬಿಗಿಯಾಗಿ ಸುತ್ತುತ್ತ ಬಂದರೆ ನಡು ಉಬ್ಬಿ ಮಣಿಯಾಗುತ್ತದೆ. ಕೊನೆಗೆ ಗೋಂದು, ಆಮೇಲೆ ಮತ್ತೆ ಮತ್ತೆ ವಾರ್ನಿಶ್, ಮತ್ತೆ ಮತ್ತೆ ಒಣಗಿಸುವುದು. ಸುತ್ತು ಓರೆಯಾದರೆ ಮಣಿ ಸೊಟ್ಟ. ಇಂಥವು ಎಷ್ಟು ಬೇಕೆಂದು ನಿಮ್ಮ ಸರವನ್ನೇ ಎಣಿಸಿ ನೋಡಿ. (ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳಿಗೆ ಆ ಪುಣ್ಯವಿಲ್ಲ, ಅವು ಕಡಲೆಕಾಯಿ ಪೊಟ್ಟಣವಾಗುತ್ತವೆ.)

ಉತ್ತರ ಉಗಾಂಡಾದಲ್ಲಿ ಜೋಸೆಫ್ ಕೋನಿಯ ಬಂಡುಕೋರರಿಗೂ ಸರ್ಕಾರಕ್ಕೂ ಸುಮಾರು ಎರಡು ದಶಕ ಯುದ್ಧ ನಡೆಯಿತು. ಊರು ಬಿಟ್ಟು ಓಡಿದ ಅಚೋಲಿ ಜನರಲ್ಲಿ ಹಲವರು ರಾಜಧಾನಿ ಕಂಪಾಲಾದ ಗುಡ್ಡವೊಂದರ ಮೇಲೆ ನೆಲೆಸಿದರು. ಆ ಜಾಗಕ್ಕೆ ಅಚೋಲಿ ಕ್ವಾರ್ಟರ್ಸ್ ಎಂದೇ ಹೆಸರು ಬಿತ್ತು. ಅಲ್ಲಿನ ಹೆಂಗಸರಿಗೆ ಸಿಕ್ಕಿದ್ದು ಕಲ್ಲುಕ್ವಾರಿಯಲ್ಲಿ ಸುತ್ತಿಗೆ ಹಿಡಿದು ಜಲ್ಲಿ ಒಡೆಯುವ ಕೆಲಸ. ಮಣಿ ಸುತ್ತಬಲ್ಲವರು ಇದ್ದರು, ಕೊಳ್ಳುವವರಿರಲಿಲ್ಲ. 2004ರಲ್ಲಿ ಹುಟ್ಟಿದ ‘ಬೀಡ್ ಫಾರ್ ಲೈಫ್’ ಎಂಬ ಸಂಸ್ಥೆ ಆ ಮಣಿಗಳನ್ನು ಅಮೆರಿಕಕ್ಕೆ ಒಯ್ದು ಮಾರತೊಡಗಿತು. ಅವರದೊಂದು ನಿಯಮ ನನಗೆ ಬಹಳ ಹಿಡಿಸಿತು: ಜೀವನವಿಡೀ ಮಣಿಯನ್ನೇ ನೆಚ್ಚಿ ಕೂರುವಂತಿರಲಿಲ್ಲ, ಹಣ ಉಳಿಸಿ, ಒಂದೂವರೆ ವರ್ಷದಲ್ಲಿ ತನ್ನದೇ ಸಣ್ಣ ವ್ಯಾಪಾರಕ್ಕೆ ಇಳಿಯಬೇಕಿತ್ತು. ಇದರಲ್ಲಿ ಭಿಕ್ಷೆ ಎಲ್ಲಿ ಬಂತು?

‘ಬಡ ಮಹಿಳೆಯರಿಗೆ ನೆರವಾಗಲು ಕೊಳ್ಳಿ’ ಎಂಬ ಮಾತು ಕೇಳಿದರೆ ನನಗೂ ಮೈ ಉರಿಯುತ್ತದೆ. ತಿಂಗಳ ಸಂಬಳ ಎಣಿಸಿಕೊಳ್ಳುವ ಗುಮಾಸ್ತನಿಗೆ ಯಾರಾದರೂ ನೆರವಾದೆವೆನ್ನುತ್ತಾರೆಯೇ? ಕೈಕೆಲಸದವರ ಕೂಲಿಗೆ ಮಾತ್ರ ನಾವು ದಾನದ ಬಣ್ಣ ಬಳಿಯುತ್ತೇವೆ. ಇಲ್ಲವೇ ಚೌಕಾಶಿಗೆ ನಿಲ್ಲುತ್ತೇವೆ. ನಾನೇನು ಹೊರತಲ್ಲ. ಒಮ್ಮೆ ಸಂತೆಯಲ್ಲಿ ಬಿದಿರಿನ ಮೊರಕ್ಕೆ ಇಪ್ಪತ್ತು ರೂಪಾಯಿ ಕಡಿಮೆ ಕೇಳಿದೆ. ಮಾರುವಾಕೆ, “ಬಿದಿರು ನೀವೇ ಸೀಳಿಕೊಂಡು ಬನ್ನಿ ಸ್ವಾಮಿ, ಇಪ್ಪತ್ತೇನು, ನಲವತ್ತು ಬಿಡುತ್ತೇನೆ” ಎಂದಳು. ಅಲ್ಲಿಂದ ಹೊರಟವನು ಹವಾನಿಯಂತ್ರಿತ ಹೋಟೆಲೊಂದರಲ್ಲಿ ಕುಳಿತು, ಒಂದು ಲೋಟ ಕಾಫಿಗೆ ಕೇಳಿದಷ್ಟನ್ನೂ ತುಟಿ ಪಿಟಿಕ್ಕೆನ್ನದೆ ಕೊಟ್ಟು ಬಂದೆ.

ನಿಮ್ಮ ಮಗಳ ಆಯ್ಕೆ ಚೆನ್ನಾಗಿದೆ. ಸ್ನಾನಕ್ಕೆ ಹೋಗುವಾಗ ಮಾತ್ರ ಸರ ತೆಗೆದಿಡಿ. ವಾರ್ನಿಶ್ ಎಷ್ಟೇ ಗಟ್ಟಿಯಿದ್ದರೂ ಒಳಗಿರುವುದು ಕಾಗದ.