ಸ್ಯಾನ್ ಆಂಟೋನಿಯೊದಲ್ಲಿ ನೀರಿನ ಜಾಡು ಹಿಡಿದು ನೋಡಿ

ಅಣ್ಣ, ಮಗಳ ಮನೆಗೆಂದು ಟೆಕ್ಸಸ್‌ಗೆ ಹೊರಟಿದ್ದೀರಿ; ಸ್ಯಾನ್ ಆಂಟೋನಿಯೊದ ಸ್ಪ್ಯಾನಿಷ್ ಮಿಷನ್‌ಗಳೆಂದರೆ ಬರೀ ಹಳೆಯ ಚರ್ಚುಗಳು, ರೈತರಿಗೆ ಅಲ್ಲೇನಿದೆ ಎಂದು ಕೇಳಿದ್ದೀರಿ. ನಾನೂ ಅದೇ ಅನುಮಾನ ಇಟ್ಟುಕೊಂಡೇ ಹೋಗಿದ್ದೆ. ಚರ್ಚು ಆಮೇಲಿರಲಿ, ಮೊದಲು ಕಾಲುವೆ ನೋಡಿ.

ಸ್ಯಾನ್ ಆಂಟೋನಿಯೊ ನದಿಯುದ್ದಕ್ಕೂ ಐದು ಮಿಷನ್‌ಗಳಿವೆ, ಅಂದರೆ ಸ್ಪೇನಿನ ಪಾದ್ರಿಗಳು ಮೂಲನಿವಾಸಿಗಳನ್ನು ಕ್ರೈಸ್ತರನ್ನಾಗಿಸಲು ಕಟ್ಟಿದ ನೆಲೆಗಳು. ಈಗ ಅಲಾಮೊ ಎನ್ನುವುದು 1718ರದ್ದು, ಸ್ಯಾನ್ ಹೋಸೆ 1720ರದ್ದು. ಉಳಿದ ಮೂರು ಪೂರ್ವ ಟೆಕ್ಸಸ್‌ನಲ್ಲಿ ನೆಲೆಯೂರಲಾಗದೆ 1731ರಲ್ಲಿ ಇಲ್ಲಿಗೆ ಎತ್ತಂಗಡಿಯಾದವು. ಪಾದ್ರಿಗಳಿಗೆ ಧರ್ಮ ಬೋಧಿಸುವ ಮೊದಲು ನೂರಾರು ಹೊಟ್ಟೆ ತುಂಬಿಸಬೇಕಿತ್ತು, ಮಳೆಯನ್ನು ನೆಚ್ಚುವಂತಿರಲಿಲ್ಲ. ಹಾಗಾಗಿ ನದಿಗೆ ಅಡ್ಡ ಒಡ್ಡು ಹಾಕಿ ಕಾಲುವೆ ತೆಗೆಸಿದರು. ಅದಕ್ಕೆ ಅಸೇಕಿಯ ಎನ್ನುತ್ತಾರೆ. ಹೆಸರು ಅರಬ್ಬಿಯಿಂದ ಸ್ಪೇನಿಗೆ ಬಂದದ್ದು. ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳ, ಹತ್ತಿ ಎಲ್ಲ ಬೆಳೆದದ್ದು ಈ ನೀರಿನಲ್ಲಿ.

ಎಸ್ಪಾದಾ ಮಿಷನ್ನಿನ ಕಾಲುವೆಯನ್ನು ತಪ್ಪಿಸಬೇಡಿ. ದಾರಿಯಲ್ಲಿ ಹಳ್ಳವೊಂದು ಅಡ್ಡ ಬರುತ್ತದೆ. ಹಳ್ಳದ ಮೇಲೆ ಎರಡು ಕಮಾನಿನ ಕಲ್ಲಿನ ಮೇಲ್ಗಾಲುವೆ ಕಟ್ಟಿ ನೀರು ದಾಟಿಸಿದ್ದಾರೆ. 1740ರ ದಶಕದ ಕೆಲಸ. ಪಂಪೂ ಇಲ್ಲ, ಪೈಪೂ ಇಲ್ಲ, ಇಳಿಜಾರಿನ ಲೆಕ್ಕವಷ್ಟೇ. ಇಂದಿಗೂ ನೀರು ಹರಿಯುತ್ತಿದೆ. ನಮ್ಮೂರಿನ ನೀರುಗಂಟಿ ಪಕ್ಕದಲ್ಲಿರಬೇಕಿತ್ತು ಅನ್ನಿಸಿತು ನನಗೆ. ಚರ್ಚಿನಿಂದ ಇದು ತುಸು ದೂರವಿದೆ, ಕೇಳಿಕೊಂಡು ಹೋಗಿ. ಸ್ಯಾನ್ ಹುವಾನ್ ಮಿಷನ್ನಿನಲ್ಲೂ ಹಳೆಯ ಕಾಲುವೆಗೆ ಮತ್ತೆ ನೀರು ಬಿಟ್ಟು ತೋಟ ಮಾಡಿ ತೋರಿಸುತ್ತಿದ್ದಾರೆ.

ಸ್ಯಾನ್ ಹೋಸೆಯಲ್ಲಿ ಜನ ಕೆತ್ತನೆಯ ಗುಲಾಬಿ ಕಿಟಕಿಯ ಮುಂದೆ ಫೋಟೊಗೆ ನಿಲ್ಲುತ್ತಾರೆ. ಕೆತ್ತನೆ ಚೆಂದವೇ. ನೀವು ಮಾತ್ರ ಗೋಡೆಯಾಚೆಗಿನ ಹಿಟ್ಟಿನ ಗಿರಣಿಗೆ ಹೋಗಿ: 1794ರ ಸುಮಾರಿನದು, 1930ರ ದಶಕದಲ್ಲಿ ಮತ್ತೆ ಕಟ್ಟಿದ್ದು. ನೀರಿನ ಚಕ್ರ ಮಲಗಿಸಿದಂತೆ ಇದೆ. ಅದರ ಕಂಬವೇ ನೇರವಾಗಿ ಮೇಲಿನ ಬೀಸುಕಲ್ಲನ್ನು ತಿರುಗಿಸುತ್ತದೆ, ನಡುವೆ ಹಲ್ಲುಚಕ್ರದ ಗೊಡವೆಯೇ ಇಲ್ಲ.

ಒಂದು ಮಾತು ಹೇಳಲೇಬೇಕು. ಕಾಲುವೆ ತೋಡಿದವರು, ಗೋಡೆ ಎತ್ತಿದವರು ಅಲ್ಲಿನ ಮೂಲನಿವಾಸಿಗಳು. ಅಪಾಚೆ ಬುಡಕಟ್ಟಿನವರ ದಾಳಿಗೂ ಹಸಿವಿಗೂ ಹೆದರಿ ಒಳಗೆ ಬಂದವರನ್ನು ಸಿಡುಬು, ದಡಾರ ಬಲಿ ತೆಗೆದುಕೊಂಡವು. ಬದುಕಿದವರು ಹೆಸರು, ಭಾಷೆ, ಅಲೆಮಾರಿ ಬೇಟೆಯ ಬದುಕು ಎಲ್ಲವನ್ನೂ ಬಿಡಬೇಕಾಯಿತು. ಗೋಡೆಗೆ ಒತ್ತಿಕೊಂಡಿರುವ ಅವರ ಸಾಲು ಕೋಣೆಗಳನ್ನು ಒಮ್ಮೆ ಹೊಕ್ಕು ನೋಡಿ, ಎಷ್ಟು ಇಕ್ಕಟ್ಟು ಎಂದು ತಿಳಿಯುತ್ತದೆ.

ಅಲಾಮೊ ಬಿಟ್ಟು ಉಳಿದ ನಾಲ್ಕೂ ರಾಷ್ಟ್ರೀಯ ಐತಿಹಾಸಿಕ ಉದ್ಯಾನದಲ್ಲಿವೆ, ಪ್ರವೇಶ ಉಚಿತ. ಅಲ್ಲಿ ಈಗಲೂ ಪೂಜೆ ನಡೆಯುತ್ತದೆ, ಭಾನುವಾರ ಹೋದರೆ ಪ್ರಾರ್ಥನೆ ಮುಗಿಯುವವರೆಗೆ ಹೊರಗೆ ಕಾಯಿರಿ. ಜುಲೈ, ಆಗಸ್ಟ್‌ನಲ್ಲಿ ನಮ್ಮ ರಾಯಚೂರನ್ನು ನೆನಪಿಸುವ ಬಿಸಿಲು. ಬೆಳಗ್ಗೆಯೇ ಹೊರಡಿ, ಟೋಪಿ ಮರೆಯಬೇಡಿ. ನದಿಯ ದಂಡೆಯಲ್ಲೇ ಸೈಕಲ್ ದಾರಿಯಿದೆ, ಮೊಮ್ಮಕ್ಕಳು ಅದರಲ್ಲಿ ಬರಲಿ. ಅಲಾಮೊ ಊರ ನಡುವೆ ಇದೆ, ಸದಾ ಜನಜಂಗುಳಿ. ಸಂಜೆ ಹೊತ್ತು ಮಿಕ್ಕರೆ ನೋಡಿದರಾಯಿತು.